ಪಾಪು ಕೆಮ್ಮಿದ ದಿನ

"ಕೆಮ್ತು ಕಣೇ ಇಂಚೂ! ಪಾಪು ಕೆಮ್ತು! ನನ್ನಾಣೆ, ಈಗ ತಾನೇ ಕೆಮ್ತು!"

ಫೋನಿನಲ್ಲಿ ಅಜ್ಜಿ ಎಷ್ಟು ಜೋರಾಗಿ ಕೂಗಿದಳೆಂದರೆ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನವರೆಲ್ಲ ಮುಂದಕ್ಕೆ ಬಗ್ಗಿದರು. ನಾನು ಕಾಲೇಜು ಮುಗಿಸಿ ಮನೆಗೆ ಹೊರಟಿದ್ದೆ.

"ಸುಮ್ನಿರಜ್ಜಿ, ಅನ್ನದಗುಳು ಸಿಕ್ಕಿಕೊಂಡಿರುತ್ತೆ."

"ಅನ್ನದ ಕೆಮ್ಮು ಯಾವ್ದು, ಊರಿನ ಕೆಮ್ಮು ಯಾವ್ದು ನಂಗೆ ಗೊತ್ತಾಗಲ್ವೇನೇ? ನಮ್ಮನೆ ಕೆಮ್ಮೇ ಕಣೇ! ಎರಡು ಗಿಡ್ಡ, ಒಂದು ಉದ್ದ, ಕೊನೇಲಿ ಹ್ಞೂಂ ಅಂತ ಎಳೆಯೋದು. ನಿಮ್ಮಮ್ಮ ಕೆಮ್ತಿದ್ದ ಹಾಗೇ! ಬರ್ತಾ ದ್ರಾಕ್ಷಿ ಗೋಡಂಬಿ ತಗೊಂಡು ಬಾ, ಸಜ್ಜಿಗೆಗೆ."

ನಾನು ಸೀಟಿನಿಂದ ನೆಗೆದು ನಿಂತು, "ನಮ್ಮಕ್ಕನ ಮಗು ಕೆಮ್ತು!" ಎಂದು ಕೂಗಿಬಿಟ್ಟೆ. ಇಡೀ ಬಸ್ಸು ಖುಷಿಯಿಂದ ಕೆಮ್ಮಿತು. ನಮ್ಮ ಊರಿನಲ್ಲಿ ಚಪ್ಪಾಳೆ ತಟ್ಟುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಕೆಮ್ಮು ಕೆಮ್ಮಿದರು. ಡ್ರೈವರ್ ಮನೆಯದು ನಾಲ್ಕು ಸಲ ಟಕಟಕ ಎನ್ನುವ ಕೆಮ್ಮು. ಮುಂದಿನ ಸೀಟಿನ ಮೀನಿನ ಬುಟ್ಟಿಯ ಹೆಂಗಸಿನದು ಬಾಗಿಲು ಕಿರುಗುಟ್ಟಿದಂಥದು. ಕಂಡಕ್ಟರ್ ತನ್ನ ಕೈಚೀಲದಿಂದ ಪೆಪ್ಪರ್‌ಮೆಂಟು ತೆಗೆದು ನನ್ನ ಕೈಗೆ ಸುರಿದು, "ಅಂತೂ ಆಯ್ತಲ್ಲಮ್ಮ. ನಿಮ್ಮ ಪುಟ್ಟನಂಜಜ್ಜಿ ಮುಖ ನೋಡೋಕಾಗ್ತಿರಲಿಲ್ಲ. ಏನು ಹೆಸರು ಇಡ್ತೀರಿ?" ಎಂದ. ನಾನು ಪೆಪ್ಪರ್‌ಮೆಂಟು ಹಂಚುತ್ತಾ ಬಸ್ಸಿನ ಉದ್ದಕ್ಕೂ ಓಡಾಡಿದೆ.

ನಮ್ಮ ಊರಿನಲ್ಲಿ ಕೆಮ್ಮುವವರೆಗೆ ಮಗುವಿಗೆ ಹೆಸರಿಲ್ಲ. ಹುಟ್ಟಿದ ಕೆಲವು ತಿಂಗಳಲ್ಲೇ ಎಲ್ಲ ಮಕ್ಕಳೂ ಕೆಮ್ಮುತ್ತವೆ, ಆವತ್ತೇ ದೀಪ ಹಚ್ಚುವ ಹೊತ್ತಿಗೆ ಶಾಸ್ತ್ರ. ಕಾರ್ಖಾನೆಯ ಮ್ಯಾನೇಜರು ಬೆಳ್ಳಿ ಚಮಚ ಹಿಡಿದುಕೊಂಡು ಬರುತ್ತಾರೆ, ಮಗು ಅವರೆದುರು ಕೆಮ್ಮುತ್ತದೆ, ಅವರು ಹೆಸರು ಕೂಗುತ್ತಾರೆ. ಅಲ್ಲಿಂದ ಮುಂದೆ ಆ ಮಗು ಊರಿನದು. ಯಾರ ಮನೆಗೂ ಕಾಲಿಂಗ್ ಬೆಲ್ ಇಲ್ಲ, ಬಾಗಿಲಲ್ಲಿ ನಿಂತು ಕೆಮ್ಮಿದರೆ ಯಾರ ಮನೆಯವರು ಬಂದರೆಂದು ಒಳಗಿನವರಿಗೆ ತಿಳಿಯುತ್ತದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ನಾವು ಎಸ್ ಸಾರ್ ಎನ್ನುವುದಿಲ್ಲ, ಕೆಮ್ಮುತ್ತೇವೆ. ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣಿನ ಕೆಮ್ಮು ಕೇಳಿ, ತಮ್ಮ ಮನೆಯ ಕೆಮ್ಮಿಗೆ ಹೊಂದುತ್ತದೋ ಇಲ್ಲವೋ ಎಂದು ತಲೆದೂಗುತ್ತಾರೆ.

ನಮ್ಮಕ್ಕ ಸುಚೇತಾಳ ಮಗು ಮಾತ್ರ ಎರಡು ವರ್ಷ ದಾಟಿದರೂ ಕೆಮ್ಮಿರಲಿಲ್ಲ. ಪಾಪು ಎಂದೇ ಕರೆಯುತ್ತಿದ್ದೆವು. ಹೆಸರಿಲ್ಲದ್ದರಿಂದ ಅಂಗನವಾಡಿಯವರು ಒಳಗೆ ಕೂರಿಸಿಕೊಳ್ಳಲಿಲ್ಲ, ರೇಷನ್ ಕಾರ್ಡಿಗೆ ಸೇರಿಸಲಿಲ್ಲ. ಬಾಣಂತನಕ್ಕೆ ಬಂದ ಅಕ್ಕನನ್ನು ಭಾವನ ಮನೆಯವರು ವಾಪಸ್ಸು ಕರೆಸಿಕೊಂಡಿರಲಿಲ್ಲ. "ಮಗು ಕೆಮ್ಮಿದ ಮೇಲೆ ಇಬ್ಬರನ್ನೂ ಕಳಿಸಿ" ಎಂದು ಭಾವನ ತಾಯಿ ಹೇಳಿ ಕಳಿಸಿದ್ದರು. ಭಾವ ತಿಂಗಳಿಗೊಮ್ಮೆ ಬಂದು, ಜಗಲಿಯ ಮೇಲೆ ಕೂತು ಮಗುವನ್ನು ಆಡಿಸಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ.

ಹಾಗಾಗಿ ನಾನು ದ್ರಾಕ್ಷಿ ಗೋಡಂಬಿ ಹಿಡಿದುಕೊಂಡು ಕುಣಿಯುತ್ತಲೇ ಮನೆಗೆ ಬಂದೆ.

ಅಡುಗೆಮನೆಯಲ್ಲಿ ರವೆ ಹುರಿಯುವ ಘಮ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಿದ್ದಳು. ಪಕ್ಕದ ಮನೆಯ ದಾಕ್ಷಾಯಿಣಿ ಆಂಟಿ ಏಲಕ್ಕಿ ಕುಟ್ಟುತ್ತಿದ್ದರು. "ಬಂದಳು ನೋಡಿ ಚಿಕ್ಕಮ್ಮ" ಎಂದು ನನ್ನ ಗಲ್ಲ ಹಿಂಡಿದರು.

"ಅಕ್ಕ ಎಲ್ಲಿ?"

"ಒಳಗಿದ್ದಾಳೆ. ಮುಖ ಊದಿಸ್ಕೊಂಡು" ಎಂದಳು ಅಜ್ಜಿ. "ಇಷ್ಟು ದಿನ ಆದ್ಮೇಲೆ ದೇವರು ಕಣ್ಣು ಬಿಟ್ಟಿದ್ದಾನೆ, ನಗೋಕೇನು ರೋಗ ಅವಳಿಗೆ?"

ನಡುಮನೆಯ ಕಿಟಕಿ ಬಾಗಿಲುಗಳಿಗೆಲ್ಲ ಅಕ್ಕ ಒದ್ದೆ ಪಂಚೆಗಳನ್ನು ಕಟ್ಟಿದ್ದಳು. ಮಗು ಹುಟ್ಟಿದಾಗಿನಿಂದ ದಿನವೂ ಅವನ್ನು ಒಗೆದು, ಹಿಂಡಿ, ಮತ್ತೆ ಕಟ್ಟುವುದು, ಉಳಿದ ಹೊತ್ತಿಗೆ ಬ್ಲೌಸು ಹೊಲಿಯುವುದು ಅವಳ ಕೆಲಸ. ಬಾಗಿಲ ಸಂದುಗಳಿಗೆ ಹಳೆಯ ಸೀರೆಯ ಚೂರು ತುರುಕಿದ್ದಳು. ಬೀದಿಯವರು ಆ ಕೋಣೆಯನ್ನು ಫ್ರಿಜ್ಜು, ತಂಗಳು ಪೆಟ್ಟಿಗೆ ಎಂದು ಆಡಿಕೊಳ್ಳುತ್ತಿದ್ದರು, ನಾನೂ ಒಂದೆರಡು ಸಲ ನಕ್ಕಿದ್ದೆ. ಆ ಕೋಣೆಯಲ್ಲಿ ಅಕ್ಕ ಗೋಡೆಗೊರಗಿ ಕೂತಿದ್ದಳು. ಪಾಪು ತೊಡೆಯ ಮೇಲೆ ಒಂದು ಬಟ್ಟೆಯ ಗೊಂಬೆಯ ಕಿವಿ ಕಚ್ಚುತ್ತಿತ್ತು.

"ಅಕ್ಕಾ! ಪೆಪ್ಪರ್‌ಮೆಂಟು ತಗೋ! ಬಸ್ಸಿಗೆಲ್ಲ ಹಂಚಿದೆ!"

ಅಕ್ಕ ನನ್ನ ಕೈಯನ್ನೇ ನೋಡಿದಳು. "ಹಂಚಿದ್ಯಾ? ಒಳ್ಳೇದಾಯ್ತು. ಖುಷಿ ಆಯ್ತಾ ನಿಂಗೆ?"

ಅಷ್ಟರಲ್ಲಿ ಪಾಪು ಕೆಮ್ಮಿತು.

ಎರಡು ಗಿಡ್ಡ, ಒಂದು ಉದ್ದ, ಹ್ಞೂಂ. ಅಜ್ಜಿ ಹೇಳಿದ ಹಾಗೆಯೇ. ನನ್ನ ಕೈಯಲ್ಲಿದ್ದ ಪೆಪ್ಪರ್‌ಮೆಂಟು ಅಂಟಿಕೊಂಡಿತು. ಅದು ಅಮ್ಮನ ಕೆಮ್ಮು. ನಾನು ಚಿಕ್ಕವಳಿದ್ದಾಗ ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದ ಕೆಮ್ಮು. ಈ ಪಾಪುವಿನ ಎದೆ ನನ್ನ ಅಂಗೈಯಷ್ಟೂ ಇಲ್ಲ, ಅದರೊಳಗಿನಿಂದ ಅಮ್ಮ ಕೆಮ್ಮಿದಳು. ಕೆಮ್ಮಿ ಮುಗಿದ ಮೇಲೆ ಪಾಪು ಗಾಬರಿಯಿಂದ ಸುತ್ತ ನೋಡಿತು, ಯಾರೋ ಬೇರೆಯವರು ಕೆಮ್ಮಿದರೇನೋ ಎನ್ನುವ ಹಾಗೆ.

ಅಮ್ಮ ಹೋದದ್ದು ಹೀಗೆ: ಚಪಾತಿ ಹಿಟ್ಟು ಕಲಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು, ಏಳಲಿಲ್ಲ. ಹಿಟ್ಟು ಇನ್ನೂ ಕೈಗೆ ಮೆತ್ತಿಕೊಂಡಿತ್ತು. ಹಾರ್ಟು ಎಂದರು. ಅಪ್ಪನಿಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಯಿತು, ಒಂದು ಮಳೆಗಾಲ ಹಾಸಿಗೆಯಲ್ಲಿದ್ದು ಹೋದ. ಹಣೆಬರಹ ಎಂದರು. ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ಇನ್ನೂ ರಿಟೈರೇ ಆಗಿರಲಿಲ್ಲ, ತಮ್ಮ ಮನೆಯ ದಾರಿಯನ್ನೇ ಮರೆಯತೊಡಗಿದರು. ವಯಸ್ಸಾಯಿತು ಎಂದರು! ನಮ್ಮ ಬೀದಿಯಲ್ಲಿ ಹುಟ್ಟಿ ನಮ್ಮ ಬೀದಿಯಲ್ಲೇ ತಲೆ ಬೆಳ್ಳಗಾದವರು ಯಾರೂ ಇಲ್ಲ. ಅಜ್ಜಿಯ ತಲೆ ಬೆಳ್ಳಗಿದೆ, ಆದರೆ ಅವಳು ದೂರದ ಊರಿನಲ್ಲಿ ಹುಟ್ಟಿ ಬೆಳೆದು ಮದುವೆಯಾಗಿ ಇಲ್ಲಿಗೆ ಬಂದವಳು.

ಇದನ್ನೆಲ್ಲ ಒಟ್ಟು ಸೇರಿಸಿ ಹೇಳಿದ್ದು ಒಬ್ಬರೇ, ಅಕ್ಕನ ಬಸಿರಿನ ಕಾಲದಲ್ಲಿ ಆಸ್ಪತ್ರೆಗೆ ಬಂದಿದ್ದ ಡಾಕ್ಟರಮ್ಮ. ಪಾಪು ಹುಟ್ಟಿದಾಗ ಎರಡು ಅಂಗೈಗಳಲ್ಲಿ ಹಿಡಿಯುವಷ್ಟಿತ್ತು. ಡಾಕ್ಟರಮ್ಮ ಅಕ್ಕನಿಗೆ ಹೇಳಿದ್ದರಂತೆ: "ತುಳಸಿ ಎಲೆ ಮೇಲೆ ಕೂತ್ಕೊಳ್ಳುತ್ತಲ್ಲ, ಕಾರ್ಖಾನೆ ಹೊಗೆಯ ಆ ದಪ್ಪ ಧೂಳಿಗೆ ಹೆದರಬೇಡಿ. ಅದು ಮೂಗಲ್ಲೇ ನಿಲ್ಲುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣದಿದೆ ನೋಡಿ, ಅದು ಉಸಿರಿನ ಜೊತೆ ಒಳಗೆ ಹೋಗಿ ರಕ್ತಕ್ಕೇ ಇಳಿಯುತ್ತೆ. ಹಾರ್ಟಿಗೂ ಹೋಗುತ್ತೆ, ತಲೆಗೂ ಹೋಗುತ್ತೆ, ಹೊಟ್ಟೇಲಿರೋ ಮಗೂನೂ ಬಿಡಲ್ಲ. ಒಂದಿನ ಎರಡು ದಿನಕ್ಕೆ ಏನೂ ಗೊತ್ತಾಗಲ್ಲ. ವರ್ಷಗಟ್ಟಲೆ ಎಳ್ಕೊಂಡ ಮೇಲೆ ಗೊತ್ತಾಗೋದು." ಊರಿನವರು ಅವರ ಮಾತು ಕೇಳಲಿಲ್ಲ. ಅವರು ಕೆಮ್ಮುತ್ತಿರಲಿಲ್ಲ. ಕೆಮ್ಮದವಳು ನಮ್ಮ ಕೆಮ್ಮಿನ ಬಗ್ಗೆ ಏನು ಹೇಳುತ್ತಾಳೆ ಎಂದು ನಕ್ಕರು. ಸ್ವಲ್ಪ ದಿನಕ್ಕೇ ಅವರಿಗೆ ವರ್ಗವಾಯಿತು. ಕೇಳಿದವಳು ಅಕ್ಕ ಒಬ್ಬಳೇ. ಅವಳು ಪಂಚೆ ನೆನೆಸಲು ಶುರುಮಾಡಿದಳು.

"ಇಷ್ಟೆಲ್ಲ ಕಟ್ಟಿದ್ರೂ ಹೇಗಕ್ಕ ಒಳಗೆ ಬಂತು?" ಎಂದೆ.

"ಅದೇ ಗೊತ್ತಾಗ್ತಿಲ್ಲ" ಎಂದು ಅಕ್ಕ ಪಂಚೆಗಳನ್ನು ಒಂದೊಂದಾಗಿ ನೋಡಿದಳು. "ಎಲ್ಲೋ ಒಂದು ಕಡೆ ಬಿಟ್ಟಿದ್ದೀನಿ ಇಂಚೂ. ಎಲ್ಲಿ ಅಂತ ಹುಡುಕ್ತಾ ಇದ್ದೀನಿ."

ಆಗ ಅಡುಗೆಮನೆಯಿಂದ ಅಜ್ಜಿಯ ಮಾತು ಕೇಳಿಸಿತು. ದಾಕ್ಷಾಯಿಣಿ ಆಂಟಿಗೆ ಹೇಳುತ್ತಿದ್ದಳು, ದನಿಯ ತುಂಬ ಹೆಮ್ಮೆ. "ಸುಮ್ನೆ ಬಂತೇನಮ್ಮ ಕೆಮ್ಮು? ನಾನು ಪಟ್ಟ ಪಾಡು ನಂಗೊಬ್ಬಳಿಗೇ ಗೊತ್ತು. ಸುಚೇತಾ ತಾನು ಹೊಲಿದ ಬ್ಲೌಸು ಕೊಡೋಕೆ ಅಂತ ಮಧ್ಯಾಹ್ನ ಹೋಗ್ತಾಳಲ್ಲ, ಆಗ ದಿನಾ ಮಗೂನ ಎತ್ಕೊಂಡು ತಾರಸಿಗೆ ಹೋಗ್ತಿದ್ದೆ. ಮೂರು ಗಂಟೆಗೆ ಸರಿಯಾಗಿ."

ಮೂರು ಗಂಟೆಗೆ ಗಾಳಿ ತಿರುಗುತ್ತದೆ. ಊರಿನ ಯಾವ ಮೂಲೆಯಲ್ಲಿ ನಿಂತರೂ ಕಾಣುವ ಕಾರ್ಖಾನೆಯ ಚಿಮಣಿಯ ಹೊಗೆ ಅಲ್ಲಿಯವರೆಗೆ ನೆಟ್ಟಗೆ ಮೇಲೆ ಹೋಗುತ್ತಿದ್ದದ್ದು, ಮೂರು ಗಂಟೆಗೆ ಬಾಗಿ ನಮ್ಮ ಬೀದಿಯ ತಾರಸಿಗಳ ಮೇಲೆ ಮಲಗುತ್ತದೆ. ಆ ಹೊತ್ತಿಗೆ ನಾವು ಹಪ್ಪಳ ಕೂಡ ಒಳಗೆ ತರುತ್ತೇವೆ.

ಅಕ್ಕ ಎದ್ದಳು. ಪಾಪುವನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದಳು. ನಾನು ಹಿಂದೆಯೇ.

"ಏನಂದೆ ಅಜ್ಜಿ?"

"ತಾರಸಿಗೆ ಕರ್ಕೊಂಡು ಹೋಗ್ತಿದ್ದೆ ಅಂದೆ." ಅಜ್ಜಿ ಸಟುಗ ಆಡಿಸುತ್ತಲೇ ಇದ್ದಳು. "'ಎಳ್ಕೋ ಚಿನ್ನಾ, ಮಲ್ಲಿಗೆ ಮೂಸಿದ ಹಾಗೆ ಎಳ್ಕೋ' ಅಂತಿದ್ದೆ. ಅದೂ ಪಾಪ, ಮೂಗರಳಿಸಿಕೊಂಡು ಎಳ್ಕೊಳ್ತಿತ್ತು. ನಾನು ಹೇಳಿದ್ದೆಲ್ಲ ಕೇಳುತ್ತೆ ಜಾಣೆ."

"ಯಾವಾಗಿಂದ?"

"ದಸರಾ ಆದ್ಮೇಲಿಂದ."

ಅಕ್ಕ ಮುಂದೆ ಹೋಗಿ ಒಲೆ ಆರಿಸಿದಳು. ಸಜ್ಜಿಗೆ ಅರ್ಧ ಬೆಂದು ನಿಂತಿತು.

"ಎರಡು ವರ್ಷದಿಂದ ಪಂಚೆ ಹಿಂಡಿ ಹಿಂಡಿ ನನ್ನ ಉಗುರು ಕೊಳೆತು ಹೋಗಿದೆ ಅಜ್ಜಿ" ಎಂದು ಕೈ ಚಾಚಿ ತೋರಿಸಿದಳು. "ನಾನು ಎಲ್ಲಿ ಬಿಟ್ಟೆ ಅಂತ ಆಗ್ಲಿಂದ ಗೋಡೆ ಗೋಡೆ ಹುಡುಕ್ತಾ ಇದ್ದೀನಿ. ನಿನ್ನ ಸೊಂಟದ ಮೇಲೇ ಬಿಟ್ಟು ಹೋಗ್ತಿದ್ದೆ!"

"ಏನು ವಿಷ ಹಾಕ್ದೆನೇನೇ ನಾನು?" ಅಜ್ಜಿಯ ದನಿಯೂ ಏರಿತು. "ಹೆಸರಿಲ್ದೆ ಇರೋದು ಅಂದ್ರೇನು ಗೊತ್ತಾ ನಿಂಗೆ? ನಾನು ಈ ಊರಿಗೆ ಬಂದಾಗ ನಂಗೆ ಕೆಮ್ಮಿರಲಿಲ್ಲ. ಪುಟ್ಟನಂಜಮ್ಮ ಅಂತ ನಮ್ಮಪ್ಪ ಇಟ್ಟ ಹೆಸರಿದ್ರೂ ಒಬ್ಬರೂ ಕರೀಲಿಲ್ಲ. ಹೊರಗಿನವಳು. ನೀರಿಗೆ ಹೋದ್ರೆ ಹೊರಗಿನವಳು, ಬಾವಿಕಟ್ಟೆ ಮುಟ್ಟಿದ್ರೆ ಹೊರಗಿನವಳು. ಕೆಮ್ಮು ಹತ್ತಿದ ದಿನ ನಮ್ಮತ್ತೆ ಮೊದಲನೇ ಸಲ ಹೆಸರು ಹಿಡಿದು ಕರೆದ್ರು. ನಾನು ಅತ್ತುಬಿಟ್ಟಿದ್ದೆ ಕಣೇ. ಈ ಮಗೂಗೆ ಆ ಗತಿ ಬೇಡ ಅಂತ ಮಾಡ್ದೆ. ಗಂಡನ ಮನೆಗೆ ಹೋಗೋದು ಬೇಡ್ವಾ ನೀನು?"

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ನಿನ್ನ ಮಗಳು ಹೇಗೆ ಸತ್ತಳು ಅಜ್ಜಿ?"

"ಇಂಚೂ, ಬಾಯಿ ಮುಚ್ಚು" ಎಂದಳು ಅಜ್ಜಿ.

"ಹೇಳು. ಕುಮುದಾ ಅಂತ ಒಬ್ಬಳೇ ಮಗಳಿದ್ಲಲ್ಲ ನಿಂಗೆ? ಹೇಗೆ ಹೋದ್ಲು?"

"ಹಾರ್ಟು."

"ಹಾರ್ಟು ಯಾಕೆ ನಿಂತಿತು? ಬೀಡಿ ಸೇದ್ತಿದ್ಲಾ ನಮ್ಮಮ್ಮ? ಎಣ್ಣೆ ಕುಡೀತಿದ್ಲಾ? ಉಸಿರಾಡಿದ್ಲು ಅಷ್ಟೇ. ಇಲ್ಲೇ ಹುಟ್ಟಿ, ಇಲ್ಲೇ ಉಸಿರಾಡಿದ್ಲು! ಈಗ ಮೊಮ್ಮಗಳ ಮಗೂಗೆ ಅದನ್ನೇ ಮಲ್ಲಿಗೆ ಅಂತ ಮೂಸಿಸ್ತೀಯಾ?"

ಯಾಕೆ ಎಂದು ನಮ್ಮ ಊರಿನಲ್ಲಿ ಕೇಳುವುದಿಲ್ಲ. ಸತ್ತವರ ಮನೆಯಲ್ಲಿ ಹಾರ್ಟು ಎಂದರೆ ಎಲ್ಲರೂ ತಲೆ ಆಡಿಸಿ ಎದ್ದು ಬರುವುದು ಪದ್ಧತಿ. ದಾಕ್ಷಾಯಿಣಿ ಆಂಟಿ ಏಲಕ್ಕಿ ಕುಟ್ಟುವ ಕಲ್ಲನ್ನು ಕೈಯಲ್ಲೇ ಹಿಡಿದು ನಿಂತರು. ಅವರ ಗಂಡನದೂ ಹಾರ್ಟು. ಅಜ್ಜಿ ನನ್ನನ್ನು ನೋಡಲಿಲ್ಲ, ಪಾಪುವನ್ನು ನೋಡಿದಳು. ಪಾಪು ಗೊಂಬೆಯನ್ನು ಅವಳ ಕಡೆ ಚಾಚಿ, ಮೂಗರಳಿಸಿ ಜೋರಾಗಿ ಉಸಿರೆಳೆದು ತೋರಿಸಿತು. ಅಜ್ಜಿ ಕಲಿಸಿದ ಆಟ. ಎಳೆದದ್ದೇ ಕೆಮ್ಮು ಬಂತು. ಈ ಸಲ ನಿಲ್ಲಲು ಬಹಳ ಹೊತ್ತು ಹಿಡಿಯಿತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು. ಅಜ್ಜಿಯ ಕೈಯಿಂದ ಸಟುಗ ಜಾರಿ ಕೆಳಗೆ ಬಿತ್ತು.

ಹೊರಗೆ ಕಾರು ನಿಂತ ಸದ್ದು. ಬೀದಿಯ ಜನವೂ ಬರತೊಡಗಿದರು, ಬಾಗಿಲಲ್ಲಿ ಒಂದಾದ ಮೇಲೊಂದು ಮನೆಯ ಕೆಮ್ಮು. ಕೊನೆಗೆ "ಖ್ಹು, ಖ್ಹು" ಎಂದು ನಾಟಕದಲ್ಲಿ ಕೆಮ್ಮಿದ ಹಾಗೆ ಒಂದು ಕೆಮ್ಮು. ಮ್ಯಾನೇಜರ್ ಸಾರ್. ಅವರು ಹೊರಗಿನಿಂದ ಬಂದವರಾದರೂ ನಮ್ಮ ಬಾಗಿಲುಗಳಲ್ಲಿ ಹೀಗೆ ಕೆಮ್ಮುವುದನ್ನು ಊರೆಲ್ಲ ಮೆಚ್ಚಿಕೊಂಡು ಮಾತಾಡುತ್ತಿತ್ತು. ಎಷ್ಟು ಸರಳ ಮನುಷ್ಯ ನೋಡಿ, ನಮ್ಮ ಹಾಗೇ ಕೆಮ್ತಾರೆ. ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆಂದು ನಮಗೆ ಗೊತ್ತಿಲ್ಲ, ಲಾರಿಗಳು ಟಾರ್ಪಾಲು ಹೊದ್ದುಕೊಂಡೇ ಹೋಗುತ್ತವೆ. ಮ್ಯಾನೇಜರ್ ಸಾರ್ ಮಾತ್ರ ಎಲ್ಲರಿಗೂ ಗೊತ್ತು.

ಅವರು ಕುರ್ಚಿಯಲ್ಲಿ ಕೂತು, ಬಿಳಿ ಕರವಸ್ತ್ರದಿಂದ ಮೂಗು ಬಾಯಿ ಮುಚ್ಚಿ ಒರೆಸಿಕೊಂಡು, ಬೆಳ್ಳಿ ಚಮಚದ ಡಬ್ಬಿ ತೊಡೆಯ ಮೇಲಿಟ್ಟುಕೊಂಡರು. "ತುಂಬಾ ಸಂತೋಷ ಅಜ್ಜಿ. ಲೇಟಾದ್ರೂ ಪರವಾಗಿಲ್ಲ, ಮಗು ನಮ್ಮದಾಯ್ತಲ್ಲ. ಎಲ್ಲಿ, ಕರ್ಕೊಂಡು ಬನ್ನಿ, ಕೆಮ್ಲಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬರಲಿಲ್ಲ. ಜನ ಗುಸುಗುಸು ಮಾಡಿದರು. ಅಜ್ಜಿ ಕಾಫಿ ತಂದಳು. ಬಂದವರಿಗೆ ಕಾಫಿ ಕೊಡದೆ ಇರಲು ಅವಳಿಂದ ಆಗುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ. ಸಕ್ಕರೆಯ ಡಬ್ಬಿಯನ್ನೂ ಹಿಡಿದುಕೊಂಡು ಬಂದಿದ್ದಳು. ಅದು ಮ್ಯಾನೇಜರ್ ಸಾರ್ ತಮ್ಮ ಮಗನ ಮೊದಲ ಹುಟ್ಟುಹಬ್ಬಕ್ಕೆ ಊರಿನ ಮನೆಮನೆಗೂ ಹಂಚಿದ್ದ ಬಿಸ್ಕತ್ತಿನ ಡಬ್ಬಿ. ಮುಚ್ಚಳದ ಮೇಲೆ ಗುಂಡುಗುಂಡಾದ ಮಗುವಿನ ಫೋಟೋ, ಕೆಳಗೆ ಬಂಗಾರದ ಬಣ್ಣದಲ್ಲಿ ನಿಹಾಲ್ ಎಂದು ಹೆಸರು.

ಅಜ್ಜಿ ಸಕ್ಕರೆ ಹಾಕುತ್ತಾ, ನಮ್ಮ ಊರಿನಲ್ಲಿ ಮಕ್ಕಳಿರುವವರನ್ನು ಎಲ್ಲರೂ ಕೇಳುವ ಮಾತನ್ನೇ ಕೇಳಿದಳು. "ನಿಮ್ಮ ಹುಡುಗ ಹೇಗಿದ್ದಾನೆ ಸಾರ್? ಅವನ ಕೆಮ್ಮು ನಾವು ಕೇಳ್ಲೇ ಇಲ್ಲ. ನಿಮ್ಮನೆ ಕೆಮ್ಮು ಹೇಗೆ, ಉದ್ದವೋ ಗಿಡ್ಡವೋ?"

ಮ್ಯಾನೇಜರ್ ಸಾರ್ ನಕ್ಕುಬಿಟ್ಟರು. "ಅಯ್ಯೋ, ಅವನಿಗೆ ಕೆಮ್ಮು ಗಿಮ್ಮು ಏನಿಲ್ಲ ಅಜ್ಜಿ. ಅವನು ಅವರಮ್ಮನ ಜೊತೆ ಬೆಟ್ಟದ ಆ ಕಡೆ ಊರಲ್ಲಿದ್ದಾನೆ. ಈ ಗಾಳೀಲಿ ಮಕ್ಕಳನ್ನ ಹೇಗೆ..."

ಅಲ್ಲಿಗೆ ನಿಲ್ಲಿಸಿದರು. ಕಾಫಿ ಲೋಟ ತುಟಿಯವರೆಗೆ ಹೋಗಿದ್ದದ್ದು ಅಲ್ಲೇ ನಿಂತಿತು. ಮನೆಯ ತುಂಬ ಜನ, ಒಬ್ಬರೂ ಕೆಮ್ಮಲಿಲ್ಲ. ಕೆಮ್ಮು ತಡೆದು ತಡೆದು ಕೆಲವರ ಕಣ್ಣು ತೇವವಾದವು.

ಅಜ್ಜಿ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಹಿಡಿದು ನೋಡಿದಳು. ಅಷ್ಟು ವರ್ಷ ಅದರಿಂದ ಸಕ್ಕರೆ ತೆಗೆದಿದ್ದಳು.

"ಕೆಮ್ಮಿಲ್ವಾ?" ಎಂದಳು. "ಮತ್ತೆ ಇಲ್ಲಿ ಹೆಸರಿದೆಯಲ್ಲ ಸಾರ್?"

"ಅದು... ಅದು ಬೇರೆ ಅಜ್ಜಿ. ನಿಮ್ಮ ಪದ್ಧತಿ ನಿಮಗೆ, ನಾವು ಅದನ್ನ ಗೌರವಿಸ್ತೀವಿ..."

"ಒಂದು ವರ್ಷದ ಮಗೂಗೆ ಹೆಸರಿದೆ. ಬಂಗಾರದಲ್ಲಿ ಬರೆಸಿದ್ದೀರಿ." ಅಜ್ಜಿ ಡಬ್ಬಿಯನ್ನು ಅವರ ಮುಂದಕ್ಕೆ ನೂಕಿದಳು, ಸಕ್ಕರೆ ಅವರ ಪ್ಯಾಂಟಿನ ಮೇಲೆ ಚೆಲ್ಲಿತು. "ನನ್ನನ್ನ ಹೊರಗಿನವಳು ಅಂದ್ರು. ಆ ಡಾಕ್ಟರಮ್ಮನ್ನ ಹೊರಗಿನವಳು ಅಂದ್ವಿ. ನಿಮ್ಮನ್ನ ಯಾರೂ ಅನ್ಲಿಲ್ಲ. ನೀವು ಖ್ಹು ಖ್ಹು ಅಂತೀರಿ, ನಾವು ಕುರ್ಚಿ ಕೊಡ್ತೀವಿ. ನಿಮ್ಮ ಮಗೂನ ಬೆಟ್ಟದಾಚೆ ಇಟ್ಟು, ನನ್ನ ಮಗು ಕೆಮ್ಲಿ ಅಂತ ಚಮಚ ತಂದಿದ್ದೀರಿ. ನಾನು ಪೆದ್ದಿ, ಕೆಮ್ಮಿಸಿಬಿಟ್ಟೆ!"

ಅವಳು ಚಮಚದ ಡಬ್ಬಿಯನ್ನು ಅವರ ತೊಡೆಯಿಂದ ಎತ್ತಿ, ಕಾಫಿ ತಟ್ಟೆಯ ಮೇಲಿಟ್ಟು, ಅಡುಗೆಮನೆಯ ಬಾಗಿಲಿಗೆ ತಿರುಗಿದಳು. ಅಕ್ಕ ಯಾವ ಹೆಸರಿಡಬೇಕೆಂದುಕೊಂಡಿದ್ದಾಳೆಂದು ನಮಗೆ ಮೂವರಿಗೂ ಗೊತ್ತಿತ್ತು. ಎರಡು ವರ್ಷ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಹಕ್ಕು ಮ್ಯಾನೇಜರಿಗೆ ಮಾತ್ರ.

"ಕುಮುದಾ" ಎಂದು ಕರೆದಳು ಅಜ್ಜಿ. "ಬಾ ಕಂದಾ, ಕುಮುದಾ."

ಪಾಪುವಿಗೆ ಅದು ತನ್ನ ಹೆಸರೆಂದು ಗೊತ್ತಿಲ್ಲ. ಆದರೂ ಅಜ್ಜಿಯ ಚಾಚಿದ ಕೈ ಕಂಡು ಬಗ್ಗಿತು. ಅಕ್ಕ ಕೊಡಲಿಲ್ಲ. ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅಜ್ಜಿ ಕೈ ಹಿಂದೆ ತೆಗೆದುಕೊಂಡಳು. ನನಗೆ ಅಜ್ಜಿಯ ಮೇಲಿನ ಸಿಟ್ಟು ಇಳಿದಿರಲಿಲ್ಲ, ಆದರೂ ಹೋಗಿ ಅವಳ ಪಕ್ಕದಲ್ಲಿ ನಿಂತೆ.

ಮ್ಯಾನೇಜರ್ ಸಾರ್ ಪ್ಯಾಂಟು ಕೊಡವಿಕೊಂಡು ಎದ್ದರು. "ನೋಡಿ, ಎಲ್ಲರೂ ಭಾವುಕರಾಗಿದ್ದೀರಿ. ನಾಳೆ ಒಬ್ಬಿಬ್ಬರು ಆಫೀಸಿಗೆ ಬನ್ನಿ, ಎಸಿ ರೂಮಿನಲ್ಲಿ ಸಮಾಧಾನವಾಗಿ ಕೂತು ಮಾತಾಡೋಣ."

"ಆಫೀಸು ಬೇಡ" ಎಂದಳು ಅಜ್ಜಿ. "ನಾಳೆ ನೀವೇ ಬನ್ನಿ. ನಮ್ಮ ತಾರಸೀಲಿ ಚಾಪೆ ಹಾಸಿರ್ತೀನಿ."

"ನಿಮ್ಮ ಮಗನ್ನೂ ಕರ್ಕೊಂಡು ಬನ್ನಿ!" ಎಂದು ನಾನು ಕಿರುಚಿದೆ.

"ಇಂಚೂ!" ಅಕ್ಕ ಗದರಿದಳು. ಅಲ್ಲಿಯವರೆಗೆ ಅವಳು ಇಷ್ಟು ಜೋರಾಗಿ ಮಾತಾಡಿರಲಿಲ್ಲ. "ಮಗು ಏನು ಮಾಡಿತ್ತೇ? ಯಾವ ಮಗೂನೂ ತಾರಸಿಗೆ ಬರೋದು ಬೇಡ. ಇನ್ನು ಮೇಲೆ ಯಾವ ಮಗೂನೂ. ಸಾರ್, ನೀವೊಬ್ಬರೇ ಬನ್ನಿ. ಆ ಕರವಸ್ತ್ರ ಬಿಟ್ಟು ಬನ್ನಿ."

"ನಾನೂ ಬರ್ತೀನಿ" ಎಂದರು ದಾಕ್ಷಾಯಿಣಿ ಆಂಟಿ, ಕಲ್ಲು ಇನ್ನೂ ಅವರ ಕೈಯಲ್ಲೇ ಇತ್ತು. "ನಮ್ಮನೆಯವರದೂ ಹಾರ್ಟು ಅಂದಿದ್ರು. ಯಾಕೆ ಅಂತ ಕೇಳೋದಿದೆ." ಬಾಗಿಲ ಬಳಿಯಿದ್ದ ಡ್ರಾಯಿಂಗ್ ಮೇಷ್ಟ್ರ ಹೆಂಡತಿ, ಗಂಡನ ಕೈ ಹಿಡಿದುಕೊಂಡೇ, ನಾವಿಬ್ಬರೂ ಬರ್ತೀವಿ ಎಂದರು. ಹಿಂದಿನಿಂದ ಇನ್ಯಾರೋ, ಮತ್ತಿನ್ಯಾರೋ. ನಾನು ಆಗಲೇ ಫೋನು ತೆಗೆದು ಕಾಲೇಜಿನ ಗ್ರೂಪಿಗೆ, ಬೀದಿಯ ಗ್ರೂಪಿಗೆ, ಭಾವನಿಗೆ, ಎಲ್ಲರಿಗೂ ಒಂದೇ ಮಾತು ಕಳಿಸುತ್ತಿದ್ದೆ: ನಾಳೆ, ನಮ್ಮನೆ ತಾರಸಿ.

ಮ್ಯಾನೇಜರ್ ಸಾರ್ ಚಪ್ಪಲಿ ಹುಡುಕುತ್ತಾ, "ಸರಿ, ಸರಿ, ಬೆಳಗ್ಗೆ ಹತ್ತು ಗಂಟೆಗೆ ಬರ್ತೀನಿ, ಬಿಡಿ" ಎಂದರು.

"ಬೆಳಗ್ಗೆ ಬೇಡ ಸಾರ್" ಎಂದಳು ಅಜ್ಜಿ, ಸಕ್ಕರೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚುತ್ತಾ. "ಮೂರು ಗಂಟೆಗೆ ಬನ್ನಿ."